ಕೊಡುವುದಕ್ಕಾಗಿ ತೆಗೆಯುವ ಚಿತ್ರ: ಮಲೆನಾಡಿನಲ್ಲಿ ತತ್‌ಕ್ಷಣ ಛಾಯಾಗ್ರಹಣ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಹಳೆಯ ಮನೆಗಳಲ್ಲಿ ಜಗುಲಿಯ ಗೋಡೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡುತ್ತ ಬಂದವರಿಗೆ, ಉಪನಯನದ ವಟುವಿನದು, ಮದುವೆಯ ಚಪ್ಪರದ ಕೆಳಗೆ ನಿಂತ ವಧೂವರರದು, ಕುರ್ಚಿಯ ಮೇಲೆ ನೆಟ್ಟಗೆ ಕುಳಿತ ಅಜ್ಜ-ಅಜ್ಜಿಯರದು, ಹೀಗೆ ಕಟ್ಟುಹಾಕಿಸಿದ ಚಿತ್ರಗಳ ಸಾಲು ಒಂದು ಕಾಲದವರೆಗೆ ಬಂದು, ಅನಂತರ ತಟಕ್ಕನೆ ನಿಂತುಹೋಗಿರುವುದು ಅನೇಕ ಕಡೆ ಗೋಚರವಾಗುತ್ತದೆ. ಆ ಕಾಲದಿಂದೀಚೆಗೆ ಆ ಮನೆಗಳಲ್ಲಿ ಮಕ್ಕಳು ಹುಟ್ಟದೆ ಇಲ್ಲ, ಮದುವೆಗಳು ನಡೆಯದೆ ಇಲ್ಲ. ಚಿತ್ರಗಳಂತೂ ಹಿಂದೆಂದೂ ಇಲ್ಲದಷ್ಟು ಸಂಖ್ಯೆಯಲ್ಲಿ ತೆಗೆಯಲ್ಪಟ್ಟಿವೆ. ಆದರೆ ಅವೆಲ್ಲವೂ ಮೊಬೈಲಿನೊಳಗೇ ಉಳಿದು, ಆ ಮೊಬೈಲು ಕೆಟ್ಟ ದಿವಸ ಅದರೊಡನೆಯೇ ಹೋಗಿವೆ. ಹೋಗದೆ ಉಳಿದವೂ, ಯಾರ ಮುಖ ಅವುಗಳಲ್ಲಿದೆಯೋ ಅವರ ಕೈಗೆ ಎಂದೂ ಬಂದಿಲ್ಲ.

ಈ ಕೊರತೆಯನ್ನು ಅತ್ಯಂತ ಸರಳವಾಗಿ ತುಂಬಿಕೊಡಬಲ್ಲ ಸಾಧನವೊಂದಿದೆ. ಗುಂಡಿಯನ್ನೊತ್ತಿದ ಕೆಲವೇ ನಿಮಿಷಗಳಲ್ಲಿ, ಕತ್ತಲೆಕೋಣೆಯಾಗಲಿ ಸ್ಟುಡಿಯೋ ಆಗಲಿ ಗಣಕಯಂತ್ರವಾಗಲಿ ಬೇಡದೆ, ಬಿಳಿಯ ಅಂಚಿನ ಒಂದು ಕಾಗದದ ಮೇಲೆ ಚಿತ್ರವನ್ನು ಕೈಗೆ ಕೊಡುವ ಇನ್‌ಸ್ಟಂಟ್ ಕ್ಯಾಮೆರಾ ಅದು. ಅದರ ಚಿತ್ರ ಚಿಕ್ಕದು, ಬಣ್ಣಗಳು ಕೊಂಚ ಮಾಸಿದಂಥವು, ಸೂಕ್ಷ್ಮವಿವರಗಳಲ್ಲಿ ಸಾಧಾರಣ ಮೊಬೈಲಿಗೂ ಅದು ಸಮನಲ್ಲ. ಹೀಗಿದ್ದರೂ ಅದನ್ನು ಒಮ್ಮೆ ಹಿಡಿದವರು ಬಿಡಲಾರದೆ ಹೋಗುವುದಕ್ಕೆ ಕಾರಣವನ್ನು ಹುಡುಕಿದರೆ, ಆ ಚಿತ್ರವನ್ನು ಕೊಡಬಹುದೆಂಬ ಒಂದೇ ಗುಣದಲ್ಲಿ ಅದು ದೊರೆಯುತ್ತದೆಂದು ನನ್ನ ದೃಢವಾದ ಅಭಿಪ್ರಾಯ. ಪ್ರತಿಯೊಂದು ಚಿತ್ರವೂ ಒಂದೇ ಒಂದು; ನೆಗೆಟಿವ್ ಇಲ್ಲ, ಎರಡನೆಯ ಪ್ರತಿ ಇಲ್ಲ. ಆದ್ದರಿಂದ ಈ ಕ್ಯಾಮೆರಾವನ್ನು ಕೈಗೆತ್ತಿಕೊಳ್ಳುವವರು ಮೊಟ್ಟಮೊದಲು ರೂಢಿಸಿಕೊಳ್ಳಬೇಕಾದ ಅಭ್ಯಾಸವೆಂದರೆ, ಈ ಚಿತ್ರ ಯಾರಿಗೆ ಸೇರಬೇಕೆಂಬುದನ್ನು ಗುಂಡಿ ಒತ್ತುವ ಮುನ್ನವೇ ನಿಶ್ಚಯಿಸಿಕೊಳ್ಳುವುದು. ಮುಂದೆ ಹೇಳುವ ಕ್ರಮಗಳೆಲ್ಲವೂ ಈ ನಿಶ್ಚಯದಿಂದಲೇ ಹುಟ್ಟಿದವು.

ಈ ವಿದ್ಯೆಯ ಜನ್ಮವೃತ್ತಾಂತ ಸಂಕ್ಷೇಪವಾಗಿ ಹೀಗಿದೆ. ಅಮೆರಿಕದ ಎಡ್ವಿನ್ ಲ್ಯಾಂಡ್ ಎಂಬ ವಿಜ್ಞಾನಿ ೧೯೪೩ರಲ್ಲಿ ಸಂಸಾರಸಮೇತನಾಗಿ ಸಾಂಟಾ ಫೆ ಎಂಬ ಊರಿನಲ್ಲಿದ್ದಾಗ, ಆತನ ಮೂರು ವರ್ಷದ ಮಗಳು ಈಗಷ್ಟೆ ತೆಗೆದ ಚಿತ್ರವನ್ನು ಈಗಲೇ ಏಕೆ ನೋಡಬಾರದೆಂದು ಕೇಳಿದಳಂತೆ. ಮಗುವಿನ ಆ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳದ ತಂದೆ, ೧೯೪೭ರ ಫೆಬ್ರವರಿ ೨೧ರಂದು ನ್ಯೂಯಾರ್ಕಿನಲ್ಲಿ ದೃಗ್ವಿಜ್ಞಾನಿಗಳ ಸಭೆಯೊಂದರ ಎದುರಿಗೆ ತನ್ನ ಭಾವಚಿತ್ರವನ್ನು ತಾನೇ ತೆಗೆದು, ಒಂದು ನಿಮಿಷದಲ್ಲಿ ಕಾಗದವನ್ನು ಸುಲಿದು ತೋರಿಸಿದನು. ಮರುವರ್ಷ ನವೆಂಬರಿನಲ್ಲಿ ಆತನ ಪೋಲರಾಯ್ಡ್ ಸಂಸ್ಥೆಯ ಕ್ಯಾಮೆರಾ ಬೋಸ್ಟನ್ ನಗರದ ಅಂಗಡಿಯೊಂದರಲ್ಲಿ ಮಾರಾಟಕ್ಕೆ ಬಂದಿತು. ಸುಲಿಯುವ ಅಗತ್ಯವೇ ಇಲ್ಲದೆ, ಬೆಳಕಿನಲ್ಲಿಯೇ ತಾನಾಗಿ ಮೂಡುವ ಹಾಳೆಯು ೧೯೭೨ರಲ್ಲಿ ಎಸ್‌ಎಕ್ಸ್-೭೦ ಕ್ಯಾಮೆರಾದೊಡನೆ ಬಂದಿತು. ಡಿಜಿಟಲ್ ಯುಗದಲ್ಲಿ ಈ ಉದ್ಯಮ ಕುಸಿದು, ಪೋಲರಾಯ್ಡ್ ೨೦೦೮ರಲ್ಲಿ ಫಿಲ್ಮಿನ ತಯಾರಿಕೆಯನ್ನೇ ನಿಲ್ಲಿಸಿದಾಗ, ನೆದರ್‌ಲೆಂಡ್ಸಿನ ಎನ್‌ಸ್ಕೆಡೆ ಊರಿನಲ್ಲಿದ್ದ ಅದರ ಕೊನೆಯ ಕಾರ್ಖಾನೆಯ ಯಂತ್ರಗಳನ್ನು ಕೆಲವು ಉತ್ಸಾಹಿಗಳು ಕೊಂಡು, ೨೦೧೦ರಲ್ಲಿ ಹೊಸದಾಗಿ ರೂಪಿಸಿದ ಫಿಲ್ಮನ್ನು ಹೊರತಂದರು. ಇಂದು ಪೋಲರಾಯ್ಡ್ ಎಂಬ ಹೆಸರಿನಿಂದ ದೊರೆಯುವುದು ಆ ಪರಂಪರೆಯ ಫಿಲ್ಮು. ಇತ್ತ ಜಪಾನಿನ ಫ್ಯೂಜಿಫಿಲ್ಮ್ ಸಂಸ್ಥೆ ೧೯೯೮ರಿಂದಲೇ ಇನ್‌ಸ್ಟಾಕ್ಸ್ ಎಂಬ ಹೆಸರಿನ ಚಿಕ್ಕ ಕ್ಯಾಮೆರಾಗಳನ್ನು ತಯಾರಿಸುತ್ತ ಬಂದಿದ್ದು, ನಮ್ಮ ದೇಶದಲ್ಲಿ ಸುಲಭವಾಗಿ ಸಿಗುವಂಥದು ಹೆಚ್ಚಾಗಿ ಅದೇ.

ಹಾಳೆಯೊಳಗೆ ನಡೆಯುವ ಕ್ರಿಯೆಯನ್ನು ಅಲ್ಪಸ್ವಲ್ಪವಾದರೂ ತಿಳಿದಿರುವುದು ಉಪಯುಕ್ತ. ಏಕೆಂದರೆ ಮಾಡಬಾರದ್ದು ಯಾವುದು, ಏಕೆ ಮಾಡಬಾರದು ಎಂಬುದು ಅದರಿಂದ ತಾನಾಗಿ ವಿಶದವಾಗುತ್ತದೆ. ಪ್ರತಿ ಹಾಳೆಯ ಒಂದು ಅಂಚಿನಲ್ಲಿ, ದಪ್ಪವಾಗಿ ಕಾಣುವ ಬಿಳಿಯ ಪಟ್ಟಿಯೊಳಗೆ, ಕ್ಷಾರಯುಕ್ತವಾದ ರಾಸಾಯನಿಕ ದ್ರವದ ಪುಟ್ಟ ಚೀಲಗಳಿವೆ. ಚಿತ್ರಕ್ಕೆ ಬೆಳಕು ಬಿದ್ದ ಅನಂತರ ಹಾಳೆ ಎರಡು ಉರುಳೆಗಳ ನಡುವೆ ಹಾಯ್ದು ಹೊರಬರುವಾಗ ಆ ಚೀಲಗಳು ಒಡೆದು, ದ್ರವವು ಪದರಗಳ ಮಧ್ಯದಲ್ಲಿ ಸಮನಾಗಿ ಹರಡಿ, ಬೆಳಕು ಬಿದ್ದೆಡೆ ಒಂದು ರೀತಿಯಾಗಿಯೂ ಬೀಳದೆಡೆ ಮತ್ತೊಂದು ರೀತಿಯಾಗಿಯೂ ವರ್ಣದ್ರವ್ಯಗಳನ್ನು ಮೇಲಕ್ಕೆ ಕಳುಹಿಸುತ್ತದೆ. ಆದುದರಿಂದ ಹಾಳೆ ಹೊರಬರುತ್ತಿರುವಾಗ ಬೆರಳಿನಿಂದ ತಡೆಯುವುದಾಗಲಿ ಎಳೆಯುವುದಾಗಲಿ ಸಲ್ಲದು. ಅದು ಪೂರ್ಣವಾಗಿ ಹೊರಬಂದು ನಿಂತ ಮೇಲೆ ಅಂಚನ್ನು ಹಿಡಿದು ತೆಗೆಯಬೇಕು. ಹಾಳೆಯನ್ನು ಗಾಳಿಯಲ್ಲಿ ಜಾಡಿಸುವ ಪದ್ಧತಿ ಬಹಳ ಜನರಲ್ಲಿ ರೂಢಿಯಾಗಿದೆ. ಸುಲಿಯುವ ಫಿಲ್ಮಿನ ಕಾಲದಲ್ಲಿ ಮೇಲ್ಮೈ ಹಸಿಯಾಗಿರುತ್ತಿದ್ದುದರಿಂದ ಅದಕ್ಕೆ ಏನಾದರೂ ಅರ್ಥವಿದ್ದಿರಬಹುದು; ಇಂದಿನ ಹಾಳೆ ಸುತ್ತಲೂ ಮುಚ್ಚಿದ್ದು, ಜಾಡಿಸುವುದರಿಂದ ಅದು ಬೇಗ ಮೂಡುವುದಿಲ್ಲ, ಪದರಗಳು ಸರಿದು ಕಲೆ ಬೀಳುವ ಸಂಭವ ಮಾತ್ರ ಹೆಚ್ಚುತ್ತದೆ. ಜಗುಲಿಯ ಮೇಲೆ ಇಟ್ಟು ಸುಮ್ಮನೆ ಕಾಯುವುದೇ ಸರಿಯಾದ ಕ್ರಮ. ಇನ್‌ಸ್ಟಾಕ್ಸ್ ಹಾಳೆಯಲ್ಲಿ ಸುಮಾರು ೯೦ ಸೆಕೆಂಡುಗಳಲ್ಲಿ ಚಿತ್ರ ಮೂಡಿ, ಮತ್ತೆ ಕೆಲವು ನಿಮಿಷಗಳಲ್ಲಿ ಬಣ್ಣ ಗಟ್ಟಿಯಾಗುತ್ತದೆ. ಪೋಲರಾಯ್ಡಿನ ವರ್ಣಚಿತ್ರಕ್ಕೆ ಹತ್ತರಿಂದ ಹದಿನೈದು ನಿಮಿಷಗಳು ಬೇಕು, ಅಲ್ಲದೆ ಹೊರಬಂದ ಕೂಡಲೆ ಅದನ್ನು ಬೆಳಕಿನಿಂದ ಮರೆಮಾಡಿ ಮುಖ ಕೆಳಗಾಗಿ ಇಡಬೇಕು.

ಯಾವ ಕ್ಯಾಮೆರಾವನ್ನು ಕೊಳ್ಳಬೇಕೆಂಬ ಪ್ರಶ್ನೆಗೆ, ಹೊಸಬರಾದರೆ ಇನ್‌ಸ್ಟಾಕ್ಸ್ ಮಿನಿಯ ಸರಳವಾದ ಮಾದರಿಯೊಂದು ಸಾಕೆಂದು ನಾನು ಹೇಳುತ್ತೇನೆ. ಅದರ ಹಾಳೆ ೮೬ ಮಿಲಿಮೀಟರ್ ಉದ್ದ, ೫೪ ಮಿಲಿಮೀಟರ್ ಅಗಲ, ಅಂದರೆ ಬ್ಯಾಂಕಿನ ಎಟಿಎಂ ಕಾರ್ಡಿನಷ್ಟೇ ಇದ್ದು, ಚಿತ್ರದ ಭಾಗ ೬೨ಕ್ಕೆ ೪೬. ಅಂಗಿಯ ಜೇಬಿಗೂ ಎಲೆ-ಅಡಿಕೆಯ ಚೀಲಕ್ಕೂ ಸಲೀಸಾಗಿ ಸೇರುವ ಈ ಅಳತೆಯಲ್ಲಿ ಒಬ್ಬರ ಅಥವಾ ಇಬ್ಬರ ಮುಖ ಚೆನ್ನಾಗಿ ಬರುತ್ತದೆ. ಮನೆಮಂದಿಯೆಲ್ಲ ಕೂಡಿದ ಗುಂಪುಚಿತ್ರಗಳೇ ಮುಖ್ಯವೆನ್ನುವವರಿಗೆ ಇದರ ಇಮ್ಮಡಿ ಅಗಲದ ವೈಡ್ ಹಾಳೆಯೇ ತಕ್ಕದ್ದು. ಕೂಡುಕುಟುಂಬದ ಹದಿನೈದು ಮಂದಿಯನ್ನು ಮಿನಿಯ ಹಾಳೆಯಲ್ಲಿ ಕೂಡಿಸಿದರೆ ಯಾರು ಯಾರೆಂದು ಗುರುತಿಸುವುದಕ್ಕೆ ಭೂತಗನ್ನಡಿ ಬೇಕಾಗುತ್ತದೆ. ಪೋಲರಾಯ್ಡಿನ ಚೌಕಚಿತ್ರದ ಘನತೆಯೇ ಬೇರೆ. ಆದರೆ ಒಂದು ಕಟ್ಟಿನಲ್ಲಿ ಎಂಟೇ ಹಾಳೆಗಳಿದ್ದು ಬೆಲೆಯೂ ಅಧಿಕವಾಗಿರುವುದರಿಂದ, ಕೈ ಪಳಗಿದ ಅನಂತರ ಅದರ ಕಡೆಗೆ ನೋಡಬಹುದು. ಮೊಬೈಲಿನ ಚಿತ್ರವನ್ನೇ ಇನ್‌ಸ್ಟಾಕ್ಸ್ ಹಾಳೆಯ ಮೇಲೆ ಮುದ್ರಿಸುವ ಪುಟ್ಟ ಯಂತ್ರಗಳೂ, ತೆಗೆದ ಚಿತ್ರವನ್ನು ಮೊದಲು ಪರದೆಯ ಮೇಲೆ ನೋಡಿ ಬೇಕಾದುದನ್ನಷ್ಟೆ ಮುದ್ರಿಸುವ ಮಿಶ್ರಜಾತಿಯ ಕ್ಯಾಮೆರಾಗಳೂ ಬಂದಿವೆ. ಅವುಗಳಿಂದ ಹಾಳೆ ಉಳಿಯುತ್ತದೆ, ನಿಜ. ಆದರೆ ಆರಿಸುವ, ತಿದ್ದುವ, ಮತ್ತೊಮ್ಮೆ ತೆಗೆಯುವ ಆ ಹಳೆಯ ವ್ಯಾಪಾರವೇ ಮರಳಿ ಬಂದು, ಎದುರಿಗೆ ಕುಳಿತವರ ಮುಖಕ್ಕಿಂತ ಪರದೆಯ ಮೇಲೆಯೇ ಕಣ್ಣು ನೆಡುವುದರಿಂದ, ಈ ಕಲೆಯ ಸಾರವೇ ಅಲ್ಲಿ ಕಳೆದುಹೋಗುತ್ತದೆಂದು ನನಗೆ ತೋರುತ್ತದೆ.

ಮಿನಿಯ ಒಂದು ಕಟ್ಟಿನಲ್ಲಿ ಹತ್ತು ಹಾಳೆಗಳಿರುತ್ತವೆ. ಕಟ್ಟನ್ನು ಕ್ಯಾಮೆರಾಕ್ಕೆ ಹಾಕಿ ಹಿಂಬದಿಯನ್ನು ಮುಚ್ಚಿ ಗುಂಡಿ ಒತ್ತಿದಾಗ ಮೊದಲು ಹೊರಬರುವುದು ಕಪ್ಪು ಹೊದಿಕೆ. ಚಿತ್ರ ಕಪ್ಪಾಗಿ ಬಂದಿತೆಂದು ಯಾರೂ ಗಾಬರಿಯಾಗಬೇಕಾದ್ದಿಲ್ಲ. ಅಲ್ಲಿಂದ ಮುಂದೆ ಹತ್ತೂ ಮುಗಿಯುವವರೆಗೆ ಹಿಂಬದಿಯನ್ನು ತೆರೆಯಲೇಬಾರದು, ತೆರೆದರೆ ಒಳಗಿನ ಹಾಳೆಗಳಿಗೆ ಬೆಳಕು ಹೊಕ್ಕು ಅವು ವ್ಯರ್ಥವಾಗುತ್ತವೆ; ಮನೆಯ ಹುಡುಗರ ಕೈಗೆ ಕೊಡುವಾಗ ಇದೊಂದನ್ನು ಎರಡು ಬಾರಿ ಹೇಳಿ ಕೊಡತಕ್ಕದ್ದು. ಒಂದೊಂದು ಹಾಳೆಗೂ ಹಲವು ಹತ್ತು ರೂಪಾಯಿಗಳು ತಗಲುವುದರಿಂದ, ಹತ್ತನ್ನು ಹೇಗೆ ವಿನಿಯೋಗಿಸಬೇಕೆಂದು ಮೊದಲೇ ಯೋಚಿಸುವುದು ಲೋಭವೆನಿಸದು. ಒಂದು ಹಗಲಿಗೆ ಅಥವಾ ಒಂದು ಶುಭಕಾರ್ಯಕ್ಕೆ ಒಂದು ಕಟ್ಟೆಂದು ಇಟ್ಟುಕೊಂಡು, ಅದರಲ್ಲಿ ಮನೆಯ ಹಿರಿಯರಿಗೆ ಎರಡು, ಮುಖ್ಯವಾದ ವಿಧಿಗೆ ಎರಡು, ದೂರದಿಂದ ಬಂದ ನೆಂಟರಿಗೂ, ಎಲ್ಲರಿಗೂ ಬಡಿಸಿ ತಾವು ಕೊನೆಗೆ ಊಟಕ್ಕೆ ಕೂರುವ ಹೆಂಗಸರಿಗೂ, ಅಡುಗೆಭಟ್ಟರಿಗೂ ಉಳಿದವು, ಹೀಗೆ ಒಂದು ಅಂದಾಜು ಇದ್ದರೆ, ಮೊದಲ ಅರ್ಧ ಗಂಟೆಯಲ್ಲಿಯೇ ಹಾಳೆಗಳೆಲ್ಲ ತೀರಿ, ಬೇಕಾದವರ ಚಿತ್ರವೇ ಇಲ್ಲದೆ ಹೋಗುವ ವಿಷಾದ ತಪ್ಪುತ್ತದೆ.

ಇನ್ನು ಬೆಳಕಿನ ವಿಚಾರ. ಈ ಲೇಖನದ ಮುಖ್ಯಭಾಗವೇ ಇದಾದುದರಿಂದ ಕೊಂಚ ನಿಧಾನಿಸುತ್ತೇನೆ. ಇನ್‌ಸ್ಟಾಕ್ಸ್ ಫಿಲ್ಮಿನ ವೇಗ ಐಎಸ್‌ಒ ೮೦೦. ಅದು ಸಾಕಷ್ಟು ಚುರುಕಾದದ್ದೇ. ಆದರೆ ಸರಳ ಕ್ಯಾಮೆರಾಗಳ ಮಸೂರದ ದ್ವಾರ ಎಫ್ ೧೨.೭ರಷ್ಟು ಕಿರಿದಾಗಿರುವುದರಿಂದ, ನಮ್ಮ ಕಣ್ಣಿಗೆ ಬೇಕಾದಷ್ಟು ಬೆಳಕಿದೆಯೆಂದು ತೋರುವ ಅಡಿಕೆ ತೋಟವೂ ಮನೆಯ ನಡುಮನೆಯೂ ಅದಕ್ಕೆ ಮಬ್ಬುಗತ್ತಲೆಯೇ. ಎರಡನೆಯ ತೊಡಕು, ಅತ್ಯುಜ್ಜ್ವಲವಾದುದನ್ನೂ ಅತ್ಯಂತ ಕಪ್ಪಾದುದನ್ನೂ ಒಂದೇ ಚಿತ್ರದಲ್ಲಿ ಹಿಡಿದುಕೊಳ್ಳುವ ಶಕ್ತಿ ಈ ಹಾಳೆಗೆ ತೀರ ಸ್ವಲ್ಪವಿರುವುದು. ಕೊನೆಕೊಯ್ಲು ಮುಗಿದ ಕಾಲದಲ್ಲಿ ಅಂಗಳದ ತುಂಬ ಚಾಲಿ ಅಡಿಕೆ ಹರಡಿ ಬಿಸಿಲು ಝಳಪಿಸುತ್ತಿರುವಾಗ, ಒಳಗೆ ನಿಂತು, ಜಗುಲಿಯ ಮೇಲೆ ಕುಳಿತ ಅಜ್ಜನನ್ನು ಅಂಗಳವೇ ಹಿನ್ನೆಲೆಯಾಗುವಂತೆ ತೆಗೆದಿರಾದರೆ, ಅಂಗಳ ಬಿಳಿಯ ಹಾಳೆಯಂತೆಯೂ ಅಜ್ಜನ ಮುಖ ಕಪ್ಪಾಗಿಯೂ ಬರುತ್ತದೆ. ಅದೇ ಅಜ್ಜನನ್ನು ಅದೇ ಜಗುಲಿಯ ಅಂಚಿಗೆ ಕರೆತಂದು, ಮುಖ ಅಂಗಳದ ಕಡೆಗಿರುವಂತೆ ಕೂರಿಸಿ, ತಾವು ಅಂಗಳಕ್ಕಿಳಿದು ನಿಂತು ತೆಗೆದರೆ, ಮೇಲಿನ ಸೂರು ನೆತ್ತಿಯ ಬಿಸಿಲನ್ನು ತಡೆದು, ಅಂಗಳದ ನೆಲದಿಂದ ಪ್ರತಿಫಲಿಸಿದ ಮೃದುವಾದ ಬೆಳಕು ಕಣ್ಣಿನ ಕುಳಿಗಳವರೆಗೂ ಹೊಕ್ಕು, ಮುಖದ ಒಂದೊಂದು ಗೆರೆಯೂ ಸೌಮ್ಯವಾಗಿ ಮೂಡುತ್ತದೆ. ಮಲೆನಾಡಿನ ಮನೆಗಳನ್ನು ಕಟ್ಟಿದವರು ಮಳೆಗಾಗಿ ಸೂರನ್ನು ಇಳಿಯಬಿಟ್ಟರು. ಛಾಯಾಗ್ರಾಹಕನಿಗೆ ಅದರಿಂದಲೇ ಒಂದು ಉತ್ಕೃಷ್ಟವಾದ ಸ್ಟುಡಿಯೋ ದೊರೆತಂತಾಯಿತು. ಬೆಳಗಿನ ಒಂಬತ್ತರ ಒಳಗೆ ಅಥವಾ ಸಂಜೆ ನಾಲ್ಕರ ಅನಂತರ ಈ ಜಗುಲಿಯ ಅಂಚಿನಲ್ಲಿ ತೆಗೆದ ಚಿತ್ರ ಕೆಡುವುದು ಅಪೂರ್ವ.

ಅಡಿಕೆ ತೋಟದೊಳಗೆ ಚಿತ್ರ ತೆಗೆಯಬೇಕೆಂಬ ಆಸೆ ಪೇಟೆಯಿಂದ ಬಂದವರೆಲ್ಲರಿಗೂ ಸಹಜ. ಬಿಸಿಲಿರುವಾಗ ಸೋಗೆಗಳ ಸಂದಿಯಿಂದ ಇಳಿದ ಬೆಳಕು ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿದ್ದು ಚಿತ್ರವನ್ನು ವಿರೂಪಗೊಳಿಸುತ್ತದೆ. ಮೋಡ ಮುಸುಕಿದ ದಿವಸ, ತೋಟದ ಅಂಚಿನಲ್ಲಿ, ಹಳ್ಳದ ಬದಿಯಲ್ಲಾಗಲಿ ಗದ್ದೆ ಕೂಡುವ ಕಡೆಯಲ್ಲಾಗಲಿ ಬಯಲಿಗೆ ಮುಖಮಾಡಿಸಿ ನಿಲ್ಲಿಸಿದರೆ ಕೆಲಸ ಸಾಧ್ಯವಾದೀತು. ಅಡಿಕೆಯ ಕೊನೆ ಕೊಯ್ಯುವ ಕೊನೆಗೌಡ ಮರದ ತುದಿಯಲ್ಲಿರುವಾಗ ತೆಗೆಯುವ ಯತ್ನ ವ್ಯರ್ಥ, ಅಷ್ಟೆತ್ತರದಲ್ಲಿ ಆತನು ಆಕಾಶದ ಬಿಳುಪಿನೆದುರಿಗೆ ಒಂದು ಕಪ್ಪು ಚುಕ್ಕೆಯಾಗುತ್ತಾನೆ. ಆತನು ಕೆಳಗಿಳಿದು, ಬೆವರೊರೆಸಿಕೊಂಡು, ಕವಳ ಹಾಕಲು ಕುಳಿತಾಗ ಎರಡು ಮಾರು ದೂರದಿಂದ ತೆಗೆದು ಆ ಹಾಳೆಯನ್ನು ಆತನಿಗೇ ಕೊಟ್ಟರೆ, ವರ್ಷವರ್ಷವೂ ಪ್ರಾಣವನ್ನು ಪಣವಾಗಿಟ್ಟು ನಮ್ಮ ಫಸಲನ್ನು ಇಳಿಸಿಕೊಡುವವನಿಗೆ ಸಲ್ಲಬೇಕಾದ ಒಂದು ಗೌರವ ಸಂದಂತಾಗುತ್ತದೆ.

ರಾತ್ರಿಯ ಹೊತ್ತು ಮೆಟ್ಟುಗತ್ತಿಗಳ ಮುಂದೆ ಅಡಿಕೆ ಸುಲಿಯಲು ಕೂಡಿದವರನ್ನು ತೆಗೆಯುವಾಗ ಫ್ಲ್ಯಾಷನ್ನೇ ನಂಬಬೇಕು. ಅದು ಎರಡು, ಹೆಚ್ಚೆಂದರೆ ಎರಡೂವರೆ ಮೀಟರುಗಳವರೆಗೆ ಮಾತ್ರ ತಲುಪುತ್ತದೆ. ಇದಕ್ಕಿಂತ ದೂರ ಕುಳಿತವರು ಕತ್ತಲೆಯಲ್ಲಿ ಕರಗಿಹೋಗುತ್ತಾರೆ. ಹಾಗೆಂದು ತೀರ ಹತ್ತಿರ ಹೋದರೂ ಮುಖ ಸುಣ್ಣ ಬಳಿದಂತಾಗುವುದು. ಅಲ್ಲದೆ ಅನೇಕ ಸರಳ ಮಾದರಿಗಳಲ್ಲಿ ೬೦ ಸೆಂಟಿಮೀಟರಿಗಿಂತ ಸಮೀಪದ ವಸ್ತು ಸ್ಪಷ್ಟವಾಗದು, ಹತ್ತಿರದ ಚಿತ್ರಕ್ಕೆ ಪ್ರತ್ಯೇಕ ವ್ಯವಸ್ಥೆಯುಳ್ಳ ಈಚಿನ ಮಾದರಿಗಳಲ್ಲಿ ಮಾತ್ರ ೩೦ ಸೆಂಟಿಮೀಟರಿನವರೆಗೆ ಹೋಗಬಹುದು. ಒಟ್ಟಿನಲ್ಲಿ ಕೈ ಚಾಚಿದರೆ ಮುಟ್ಟಲಾರದಷ್ಟು, ದನಿ ಏರಿಸದೆ ಮಾತಾಡಬಹುದಾದಷ್ಟು ಅಂತರವೇ ಪ್ರಶಸ್ತ. ಆಲೆಮನೆಯಲ್ಲಿ ಮತ್ತೊಂದು ತೊಡಕುಂಟು. ಕುದಿಯುವ ಕೊಪ್ಪರಿಗೆಯಿಂದೇಳುವ ಹಬೆ ಕಣ್ಣಿಗೆ ಮನೋಹರ; ಫ್ಲ್ಯಾಷಿನ ಬೆಳಕು ಅದಕ್ಕೆ ತಾಗಿದೊಡನೆ ಬಿಳಿಯ ತೆರೆಯಾಗಿ ಹಿಂದಿರುವವರನ್ನೆಲ್ಲ ಮುಚ್ಚಿಬಿಡುತ್ತದೆ, ಮಸೂರದ ಮೇಲೂ ಬೆವರು ಕೂಡುತ್ತದೆ. ಸರಳ ಮಾದರಿಗಳಲ್ಲಿ ಫ್ಲ್ಯಾಷನ್ನು ಆರಿಸುವ ಉಪಾಯವಿಲ್ಲದಿರುವುದರಿಂದ, ಕೊಪ್ಪರಿಗೆಯನ್ನು ಬಿಟ್ಟು ಪಕ್ಕಕ್ಕೆ ಬಂದು, ಕಬ್ಬಿನ ಹಾಲಿನ ಲೋಟ ಹಿಡಿದ ಮಕ್ಕಳನ್ನೂ, ಜೋನಿ ಬೆಲ್ಲದ ಹದವನ್ನು ನೋಡುತ್ತಿರುವ ಹಿರಿಯರನ್ನೂ ತೆಗೆಯುವುದು ಲೇಸು.

ಜಾತ್ರೆ-ಉತ್ಸವಗಳ ಮಾತಿಗೆ ಬಂದರೆ, ಎರಡು ವರ್ಷಕ್ಕೊಮ್ಮೆ ಫಾಲ್ಗುಣದಲ್ಲಿ ಒಂಬತ್ತು ದಿವಸ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಗಿಂತ ದೊಡ್ಡ ಸಂದರ್ಭ ಈ ಸೀಮೆಯಲ್ಲಿ ಮತ್ತಾವುದಿದೆ? ಆದರೆ ಜಾತ್ರೆ ನಡೆಯುವ ಬಿಡಕಿಬೈಲಿನ ಜನಸಾಗರವನ್ನಾಗಲಿ, ದೇವಿಯ ರಥವನ್ನಾಗಲಿ ಈ ಪುಟ್ಟ ಹಾಳೆಯಲ್ಲಿ ಹಿಡಿಯಲು ಹೋಗಬಾರದು. ಆ ಕೆಲಸಕ್ಕೆ ಬೇರೆ ಕ್ಯಾಮೆರಾಗಳಿವೆ. ಬಳೆಯಂಗಡಿಯ ಮುಂದೆ ಕೈ ಚಾಚಿ ಕುಳಿತ ಅಕ್ಕ-ತಂಗಿಯರು, ತೊಟ್ಟಿಲಿನಿಂದ ಆಗಷ್ಟೆ ಇಳಿದ ಹುಡುಗ, ವರ್ಷಗಳ ಅನಂತರ ಜಾತ್ರೆಯಲ್ಲಿಯೇ ಭೇಟಿಯಾದ ಗೆಳತಿಯರು, ಇಂಥವು ಅದಕ್ಕೆ ಒಪ್ಪುವ ವಿಷಯಗಳು. ಇಬ್ಬರು ಗೆಳತಿಯರಿದ್ದರೆ ಎರಡು ಹಾಳೆ ತೆಗೆದು ಒಬ್ಬೊಬ್ಬರಿಗೆ ಒಂದೊಂದು ಕೊಡಬೇಕಾದೀತು. ಜಾತ್ರೆಯಿಲ್ಲದ ವರ್ಷ ಹೋಳಿಯ ಮುನ್ನಿನ ರಾತ್ರಿಗಳಲ್ಲಿ ಬರುವ ಬೇಡರ ವೇಷವಂತೂ, ಬೆನ್ನಿಗೆ ನವಿಲುಗರಿ ಕಟ್ಟಿ, ಹಗ್ಗ ಹಿಡಿದವರನ್ನು ಎಳೆದುಕೊಂಡು ನುಗ್ಗುವ ಆ ರಭಸದಲ್ಲಿ, ಈ ಕ್ಯಾಮೆರಾಕ್ಕೆ ದಕ್ಕುವಂಥದಲ್ಲ. ವೇಷ ಕಟ್ಟುವಾಗ, ಬಣ್ಣ ಹಚ್ಚಿ ಮುಗಿದು ಕುಣಿತ ಇನ್ನೂ ಆರಂಭವಾಗದಿರುವಾಗ, ಕೇಳಿ ತೆಗೆಯಬೇಕು. ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಕಲಾವಿದರು ದೀಪದ ಸಮೀಪದಲ್ಲಿ, ಕದಲದೆ, ಮುಖವನ್ನು ಬೆಳಕಿಗೊಡ್ಡಿ ಕುಳಿತಿರುತ್ತಾರೆ. ಕಿರೀಟಸಮೇತವಾದ ವೇಷ ಮಿನಿಯ ನಿಡಿದಾದ ಚೌಕಟ್ಟಿಗೆ ಸರಿಯಾಗಿ ಹೊಂದುತ್ತದೆ. ಬಣ್ಣದ ಕೆಲಸಕ್ಕೆ ವಿಘ್ನವಾಗದಂತೆ ಅನುಮತಿ ಕೇಳಿ ಒಂದೇ ಒಂದು ಚಿತ್ರ ತೆಗೆದು, ಅದನ್ನು ಕನ್ನಡಿಯ ಪಕ್ಕಕ್ಕಿಟ್ಟು ಬಂದರೆ ಸಾಕು.

ಪ್ರವಾಸಿಗರು ಈ ಮೂರು ತಾಲೂಕುಗಳಿಗೆ ಬರುವುದು ಹೆಚ್ಚಾಗಿ ಜಲಪಾತಗಳಿಗಾಗಿ. ಅಘನಾಶಿನಿ ನದಿ ೧೧೬ ಮೀಟರು ಧುಮುಕುವ ಸಿದ್ದಾಪುರ ತಾಲೂಕಿನ ಉಂಚಳ್ಳಿ, ಬೇಡ್ತಿ ನದಿಯ ಮಾಗೋಡು, ಯಲ್ಲಾಪುರ ಕಾಡಿನೊಳಗಿನ ಸಾತೊಡ್ಡಿ, ಇವು ನೋಡಲೇಬೇಕಾದವು. ಆದರೆ ಅವುಗಳನ್ನು ಇನ್‌ಸ್ಟಂಟ್ ಹಾಳೆಯಲ್ಲಿ ತೆಗೆಯಬೇಡಿರೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ದೂರದ ವೀಕ್ಷಣಾಸ್ಥಳದಿಂದ ಬಿಳಿಯ ನೀರು ಒಂದು ಎಳೆಯಾಗಿ, ಸುತ್ತಲಿನ ಕಾಡು ಒಂದೇ ಕಪ್ಪಾಗಿ ಬರುವುದಲ್ಲದೆ ಬೇರೇನೂ ಸಿಗದು. ಜಲಪಾತಕ್ಕೆ ಬೆನ್ನು ಹಾಕಿ, ಅದನ್ನು ನೋಡುತ್ತ ನಿಂತ ತಮ್ಮವರ ಮುಖಗಳನ್ನು ತೆಗೆಯಿರಿ. ಶಾಲ್ಮಲಾ ನದಿಯ ಪಾತ್ರದಲ್ಲಿ ಕಲ್ಲುಕಲ್ಲಿನ ಮೇಲೂ ಲಿಂಗಗಳನ್ನು ಕೆತ್ತಿರುವ ಸಹಸ್ರಲಿಂಗ ಮಾತ್ರ ಇದಕ್ಕೆ ಅಪವಾದ. ಮಳೆ ಕಳೆದು ನೀರು ಇಳಿದ ತಿಂಗಳುಗಳಲ್ಲಿ, ಬೆಳಗಿನ ಓರೆಬಿಸಿಲಿನಲ್ಲಿ, ಒಂದೇ ಒಂದು ಲಿಂಗವನ್ನೂ ಅದರೆದುರಿನ ನಂದಿಯನ್ನೂ ಸಮೀಪದಿಂದ ತೆಗೆದರೆ ಕಲ್ಲಿನ ಮೈ ಚೆನ್ನಾಗಿ ಮೂಡುತ್ತದೆ. ಬನವಾಸಿಯ ಮಧುಕೇಶ್ವರ ದೇವಾಲಯದ ಮಂಟಪದಲ್ಲಿರುವ ನುಣುಪಾದ ಕಂಬಗಳು ಫ್ಲ್ಯಾಷಿನ ಬೆಳಕನ್ನು ಹಾಗೆಯೇ ಹಿಂದಕ್ಕೆ ಕೊಡುವುದರಿಂದ ನೇರವಾಗಿ ಎದುರಿನಿಂದ ತೆಗೆಯದೆ ಓರೆಯಾಗಿ ನಿಲ್ಲಬೇಕು. ಗರ್ಭಗುಡಿಯ ಕಡೆಗೆ ಕ್ಯಾಮೆರಾ ಎತ್ತದಿರುವ ಮರ್ಯಾದೆ ಎಲ್ಲ ದೇವಸ್ಥಾನಗಳಿಗೂ ಸಮಾನ.

ಯಲ್ಲಾಪುರದ ಕಾಡಂಚಿನ ಊರುಗಳ ಕುರಿತು ಪ್ರತ್ಯೇಕವಾಗಿ ಒಂದು ಮಾತು ಹೇಳಬೇಕಾಗಿದೆ. ಅಲ್ಲಿ ವಾಸಿಸುವ ಸಿದ್ದಿಯರನ್ನೂ ಗೌಳಿಗರನ್ನೂ ಹೊರಗಿನಿಂದ ಬಂದವರು ಬಹುಕಾಲದಿಂದ ಚಿತ್ರ ತೆಗೆದುಕೊಂಡು ಹೋಗಿದ್ದಾರೆ. ಸಿದ್ದಿಯರ ಡಮಾಮಿ ಕುಣಿತ, ಗೌಳಿಗ ಹೆಂಗಸರ ಉಡುಗೆ, ಮಕ್ಕಳ ಗುಂಗುರುಗೂದಲು, ಇವು ಎಷ್ಟೋ ಪತ್ರಿಕೆಗಳಲ್ಲಿಯೂ ಪ್ರದರ್ಶನಗಳಲ್ಲಿಯೂ ಬಂದಿವೆ. ಚಿತ್ರದಲ್ಲಿರುವವರ ಮನೆಗೆ ಅವುಗಳಲ್ಲಿ ಒಂದಾದರೂ ಮರಳಿ ಬಂದಿರುವುದು ವಿರಳ. ಈ ಏಕಮುಖವಾದ ವ್ಯವಹಾರವನ್ನು ತಿರುಗಿಸುವ ಸಾಮರ್ಥ್ಯ ಇನ್‌ಸ್ಟಂಟ್ ಕ್ಯಾಮೆರಾಕ್ಕಿದೆ. ಅದಕ್ಕಾಗಿ ಕೆಲವು ಕಟ್ಟಳೆಗಳನ್ನು ಪಾಲಿಸಬೇಕು: ಮೊದಲು ಮಾತಾಡಿ ಪರಿಚಯವಾಗಬೇಕು, ಹೇಗೆ ನಿಲ್ಲಬೇಕು, ಯಾವ ಸೀರೆ ಉಡಬೇಕು, ಯಾರನ್ನು ಪಕ್ಕಕ್ಕೆ ಕರೆಯಬೇಕೆಂಬುದನ್ನು ಅವರಿಗೇ ಬಿಡಬೇಕು, ಮೊದಲ ಚಿತ್ರ ಅವರದು, ತಮಗೊಂದು ಬೇಕಾದರೆ ಅದು ಎರಡನೆಯದು, ಅದೂ ಕೇಳಿಕೊಂಡ ಮೇಲೆ. ಕೆಲಸದ ಬಟ್ಟೆಯಲ್ಲಿಯೇ ತೆಗೆದರೆ ಸಹಜವಾಗಿರುತ್ತದೆಂದು ತೆಗೆಯುವವರಿಗೆ ತೋರಬಹುದು. ಆದರೆ ಗೋಡೆಗೆ ಹಾಕುವ ಚಿತ್ರಕ್ಕಾಗಿ ಮುಖ ತೊಳೆದು, ಹೂ ಮುಡಿದು, ಒಳ್ಳೆಯ ಬಟ್ಟೆಯುಟ್ಟು ಬರುವ ಹಂಬಲ ನಮ್ಮ ಅಜ್ಜ-ಅಜ್ಜಿಯರಿಗೆ ಇದ್ದಂತೆ ಅವರಿಗೂ ಇದೆ. ಅವರು ಸಿದ್ಧವಾಗುವವರೆಗೆ ಕಾಯುವುದು ಚಿತ್ರ ತೆಗೆಯುವ ಕೆಲಸದ ಒಂದು ಅಂಗವೇ ಸರಿ.

ಈಗ ಮಳೆಯ ವಿಷಯ. ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಸೀಮೆಯಲ್ಲಿ ಚರ್ಮದ ಚೀಲ, ಪುಸ್ತಕ, ಬಟ್ಟೆಗಳಿಗೆಲ್ಲ ಬೂಷ್ಟು ಹಿಡಿಯುವುದನ್ನು ಬಲ್ಲವರಿಗೆ, ಫಿಲ್ಮಿಗೂ ಮಸೂರಕ್ಕೂ ಅದೇ ಗತಿಯೆಂದು ವಿವರಿಸಬೇಕಾದ್ದಿಲ್ಲ. ಬಳಸದ ಫಿಲ್ಮಿನ ಕಟ್ಟನ್ನು ಅದರ ಹೊರಕವಚ ಒಡೆಯದೆ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಭಾಗದಲ್ಲಿಡಬೇಕು. ಮಂಜುಗಡ್ಡೆಯ ಭಾಗದಲ್ಲಿ ಎಂದಿಗೂ ಇಡಬಾರದು, ಹೆಪ್ಪುಗಟ್ಟಿದರೆ ಒಳಗಿನ ದ್ರವ ಕೆಡುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ಊರುಗಳಲ್ಲಿ ಫ್ರಿಜ್ಜು ಬೆಚ್ಚಗಾಗುತ್ತ ತಣ್ಣಗಾಗುತ್ತ ಇರುವುದರಿಂದ ಒಳಗೆ ನೀರೊಡೆಯುತ್ತದೆ. ಡಬ್ಬಿ ಬಿಗಿಯಾಗಿರುವುದು ಅದಕ್ಕಾಗಿಯೇ. ಬಳಸುವ ಮುನ್ನ ಒಂದೆರಡು ತಾಸು ಮೊದಲೇ ಹೊರಗಿಟ್ಟು, ಕೋಣೆಯ ಉಷ್ಣತೆಗೆ ಬಂದ ಅನಂತರ ಕವಚವನ್ನು ಒಡೆಯತಕ್ಕದ್ದು. ಒಣಗಿಸಬೇಕಾದ ವಸ್ತುಗಳನ್ನು ಒಲೆಯ ಮೇಲಿನ ಹೊಗೆ ಅಟ್ಟದಲ್ಲಿಡುವ ನಮ್ಮ ಪುರಾತನ ಉಪಾಯ ಹುಣಿಸೆಗೂ ಬೀಜದ ಕಾಳಿಗೂ ಒಳ್ಳೆಯದು; ಬಿಸಿಯೂ ಹೊಗೆಯೂ ಎರಡೂ ಫಿಲ್ಮಿಗೆ ಶತ್ರುಗಳು. ಕ್ಯಾಮೆರಾವನ್ನು ಬಟ್ಟೆಯ ಅಥವಾ ಚರ್ಮದ ಚೀಲದಲ್ಲಿ ಸುತ್ತಿಡದೆ, ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣಗಳೊಡನೆ ಪಾರದರ್ಶಕವಾದ ಡಬ್ಬಿಯಲ್ಲಿಟ್ಟು, ಪೊಟ್ಟಣಗಳನ್ನು ಆಗಾಗ್ಗೆ ಬಾಣಲೆಯಲ್ಲಿ ಸಣ್ಣ ಉರಿಯಿಂದ ಬೆಚ್ಚಗೆಮಾಡಿ ಮತ್ತೆ ಬಳಸಬಹುದು. ತಿಂಗಳುಗಟ್ಟಲೆ ತೆಗೆಯುವುದಿಲ್ಲವಾದರೆ ಸೆಲ್ಲುಗಳನ್ನು ಹೊರತೆಗೆದಿಡಬೇಕು, ಇಲ್ಲವಾದರೆ ಅವು ಸೋರಿ ಒಳಗಿನ ತಗಡನ್ನು ತಿನ್ನುತ್ತವೆ.

ಚಳಿ-ಸೆಕೆಗಳೂ ಚಿತ್ರದ ಮೇಲೆ ಪರಿಣಾಮ ಬೀರುತ್ತವೆ. ಮಾಗಿಯ ಬೆಳಗಿನಲ್ಲಿ ಮಂಜು ಮುಸುಕಿರುವಾಗ ದ್ರವದ ಕ್ರಿಯೆ ನಿಧಾನವಾಗಿ, ವಿಶೇಷವಾಗಿ ಪೋಲರಾಯ್ಡಿನಲ್ಲಿ, ಬಣ್ಣ ಸರಿಯಾಗಿ ಮೂಡದು. ಹಾಳೆ ಹೊರಬಂದ ಕೂಡಲೆ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡರೆ ಮೈಯ ಶಾಖದಿಂದ ಸರಿಹೋಗುತ್ತದೆ. ಏಪ್ರಿಲ್-ಮೇ ತಿಂಗಳಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಕ್ಯಾಮೆರಾವನ್ನು ಬಿಟ್ಟುಹೋಗುವುದು ಎಲ್ಲಕ್ಕಿಂತ ಕೆಟ್ಟದ್ದು. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ತಾರೀಖನ್ನು ನೋಡಲೇಬೇಕು. ಹಳೆಯ ಫಿಲ್ಮಿನಲ್ಲಿ ಬಣ್ಣ ಮಾಸುವುದಲ್ಲದೆ, ಒಳಗಿನ ದ್ರವ ಗಟ್ಟಿಯಾಗಿ ಸಮನಾಗಿ ಹರಡದೆ ಮೂಲೆಗಳು ಖಾಲಿ ಉಳಿಯುತ್ತವೆ. ಶುಭಕಾರ್ಯದ ಹಿಂದಿನ ದಿವಸ ಪೇಟೆಯಲ್ಲಿ ಹುಡುಕುವ ಬದಲು ತಿಂಗಳ ಮೊದಲೇ ಹುಬ್ಬಳ್ಳಿಯಿಂದಲೋ ಆನ್‌ಲೈನಿನಲ್ಲಿಯೋ ತರಿಸಿಟ್ಟುಕೊಂಡರೆ ನೆಮ್ಮದಿ.

ತೆಗೆದ ಚಿತ್ರದ ರಕ್ಷಣೆಯ ಬಗ್ಗೆಯೂ ಹೇಳಬೇಕು. ಕೊಡುವ ಮುನ್ನ ಅದನ್ನು ಮೊಬೈಲಿನಲ್ಲಿ ಒಮ್ಮೆ ಪ್ರತಿ ತೆಗೆದಿಟ್ಟುಕೊಳ್ಳುವುದು ಬುದ್ಧಿವಂತಿಕೆ. ಮೂಲ ಅವರದು, ಪ್ರತಿಬಿಂಬ ನಮ್ಮದು. ಕೆಳಗಿನ ಬಿಳಿಯ ಅಂಚಿನಲ್ಲಿ ಹೆಸರು, ಊರು, ತಾರೀಖುಗಳನ್ನು ಅಳಿಸದ ಮಾರ್ಕರ್ ಪೆನ್ನಿನಿಂದ ಒತ್ತದೆ ಬರೆಯಬೇಕು. ಬಾಲ್‌ಪೆನ್ನಿನ ಮೊನೆ ಒತ್ತಿದರೆ ಪದರಗಳಿಗೆ ಗಾಯವಾಗುತ್ತದೆ. ಬರೆಯುವುದನ್ನು ಮುಂದೂಡಬಾರದು: ಇಂದು ಎಲ್ಲರಿಗೂ ಗುರುತಿರುವ ಮುಖ ನಲವತ್ತು ವರ್ಷಗಳ ಅನಂತರ ಆ ಮನೆಯ ಮೊಮ್ಮಗನಿಗೆ ಗುರುತಿರಲಾರದು. ಚಿತ್ರವನ್ನು ನೇರವಾಗಿ ಗಾಜಿಗೆ ಒತ್ತಿ ಕಟ್ಟುಹಾಕಿಸಿದರೆ ಮಳೆಗಾಲದಲ್ಲಿ ಅದು ಗಾಜಿಗೆ ಅಂಟಿಕೊಳ್ಳುವುದುಂಟು; ನಡುವೆ ರಟ್ಟಿನ ಅಂಚು ಕೊಡಿಸಿ, ಬಿಸಿಲು ಬೀಳದ ಒಳಗೋಡೆಗೆ ತೂಗುಹಾಕಬೇಕು. ಹಾಳೆಯನ್ನು ಎಂದೂ ಕತ್ತರಿಸಬಾರದು, ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಬೇಕು. ಒಳಗಿನ ಕ್ಷಾರ ಚರ್ಮಕ್ಕೆ ತಾಗಿದರೆ ಸುಡುತ್ತದೆ, ತಾಗಿದ ಕೂಡಲೆ ಧಾರಾಳವಾಗಿ ನೀರು ಹೊಯ್ದು ತೊಳೆಯಬೇಕು. ಖಾಲಿಯಾದ ಪ್ಲಾಸ್ಟಿಕ್ ಕಟ್ಟನ್ನು ಬಚ್ಚಲೊಲೆಗೆ ಹಾಕಿ ಸುಡುವುದು ಬೇಡ. ಪೋಲರಾಯ್ಡಿನ ಹಳೆಯ ಮಾದರಿಯ ಕಟ್ಟುಗಳಲ್ಲಿ ಬ್ಯಾಟರಿಯೂ ಅಡಗಿರುತ್ತದೆ.

ಪರದೇಶದಲ್ಲಿರುವ ಮಕ್ಕಳು ರಜೆಗೆ ಊರಿಗೆ ಬರುವಾಗ ಫಿಲ್ಮನ್ನು ಅಲ್ಲಿಂದಲೇ ತರುವುದುಂಟು. ವಿಮಾನನಿಲ್ದಾಣದ ತಪಾಸಣೆಯ ಎಕ್ಸ್-ಕಿರಣಗಳು ಬಳಸದ ಹಾಳೆಗಳನ್ನು ಮಬ್ಬಾಗಿಸಬಲ್ಲವು. ಸರಕಿನೊಡನೆ ಕಳುಹಿಸುವ ಪೆಟ್ಟಿಗೆಗಳಿಗೆ ಹಾಯಿಸುವ ಕಿರಣಗಳು ಇನ್ನೂ ತೀಕ್ಷ್ಣವಾದುದರಿಂದ, ಕಟ್ಟುಗಳನ್ನು ಕೈಚೀಲದಲ್ಲಿಯೇ ಇಟ್ಟುಕೊಂಡು, ಕೈಯಿಂದ ಪರೀಕ್ಷಿಸಿರೆಂದು ಅಧಿಕಾರಿಗಳನ್ನು ವಿನಯದಿಂದ ಕೇಳಿಕೊಳ್ಳುವಂತೆ ಅವರಿಗೆ ಮೊದಲೇ ತಿಳಿಸಿರಬೇಕು. ಮೂಡಿ ಮುಗಿದ ಚಿತ್ರಕ್ಕೆ ಆ ಭಯವಿಲ್ಲ. ಆದುದರಿಂದ ಅವರು ಹಿಂದಿರುಗುವಾಗ ಅಮ್ಮನ ಚಿತ್ರವನ್ನು ಪೆಟ್ಟಿಗೆಯಲ್ಲಿ ಒಯ್ಯಬಹುದು. ಅಥವಾ ಎರಡು ರಟ್ಟುಗಳ ನಡುವೆ ಇಟ್ಟು, ಮಡಿಚಬಾರದೆಂದು ಲಕೋಟೆಯ ಮೇಲೆ ಬರೆದು, ಅಂಚೆಯಲ್ಲಿಯೂ ಕಳುಹಿಸಬಹುದು.